5 ವಾರದ ಬಾತುಮರಿಗಳನ್ನು ಹಳೇ ಹಿಂಡಿಗೆ ಸೇರಿಸೋದು ಹೇಗೆ? (ಗೋವಾದ ಫೋಂಡಾ, ಮಳೆಗಾಲ)

ಫೋಂಡಾ_ಹಿತ್ತಲು · ಜುಲೈ 6

ನಮಸ್ಕಾರ. ಮರಿ ತಂದು ಮೂರು ದಿನ ಆಯ್ತು. ಹಳೇ ಬಾತುಗಳ ಜೊತೆ ಬಿಡುವ ಮುಂಚೆ ತಿಳಿದವರನ್ನ ಒಂದು ಮಾತು ಕೇಳೋಣ ಅಂತ ಬರೀತಿದ್ದೀನಿ.

ಹಳೇ ಹಿಂಡಿನಲ್ಲಿ ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತು ಐದು: ಒಂದು ಗಂಡು, ನಾಲ್ಕು ಹೆಣ್ಣು, ಒಂದೂವರೆ ವರ್ಷದವು. ಅವುಗಳ ಜೊತೆಗೇ ನಾಲ್ಕು ನಾಟಿ ಹೇಂಟೆ, ಒಂದು ಹುಂಜ. ಹೊಸ ಮರಿ ಆರು, ಅದೇ ತಳಿ, ಸಂತೆಯಿಂದ ತಂದದ್ದು, ಸುಮಾರು 5 ವಾರ. ಗಂಡು ಯಾವುದು ಹೆಣ್ಣು ಯಾವುದು ಗೊತ್ತಿಲ್ಲ. ಹೊಟ್ಟೆ, ಪಕ್ಕೆ, ಬಾಲಕ್ಕೆ ಗರಿ ಬಂದಿದೆ. ಬೆನ್ನ ಮೇಲೆ ಇನ್ನೂ ತುಪ್ಪಳವೇ.

ರಾತ್ರಿ ಗೂಡು 8 ಅಡಿಗೆ 6 ಅಡಿ, ಚೀರೆಕಲ್ಲಿನ ಗೋಡೆ, ಮೇಲೆ ತಗಡು. ಹಗಲು ಓಡಾಡೋಕೆ ಬೇಲಿ ಹಾಕಿದ ಜಾಗ 30ಕ್ಕೆ 20 ಅಡಿ. ಈಜೋಕೆ 200 ಲೀಟರಿನ ಟಬ್, ಒಂದೂವರೆ ಅಡಿ ಆಳ. ಹಳೆಯವಕ್ಕೆ ಲೇಯರ್ ಮ್ಯಾಶ್ (ಮೊಟ್ಟೆ ಇಡೋ ಕೋಳಿಯ ಪುಡಿ ಮೇವು), ಮಿಕ್ಕಿದ ಅನ್ನ, ಆಗಾಗ ಶೇಂಗಾ ಹಿಂಡಿ ಹಾಕ್ತೀವಿ.

ಮರಿಗಳು ಸದ್ಯಕ್ಕೆ ಜಗುಲಿ ಮೇಲೆ ರಟ್ಟಿನ ಡಬ್ಬಿಯಲ್ಲಿವೆ. ಇಲ್ಲಿನ ಮಳೆ ನಿಮಗೆ ಗೊತ್ತೇ ಇದೆ, ರಟ್ಟು ಒಣಗೋದೇ ಇಲ್ಲ, ವಾಸನೆಗೆ ಮನೆಯವರು ಬೇಸತ್ತಿದ್ದಾರೆ. ಈಗಲೇ ಹಿಂಡಿಗೆ ಬಿಟ್ಟರೆ ಏನಾಗುತ್ತೆ? ಎಲ್ಲಕ್ಕೂ ಒಂದೇ ಮೇವು ಹಾಕಬಹುದಾ?

ವಾಸ್ಕೋ_ಟೆರೇಸ್ · ಜುಲೈ 6

ಕತ್ತಲಾದ ಮೇಲೆ ಮೆಲ್ಲಗೆ ಗೂಡಿನೊಳಗೆ ಬಿಟ್ಟುಬಿಡಿ. ಬೆಳಗ್ಗೆ ಎದ್ದಾಗ ಮೊದಲಿಂದ ಇಲ್ಲೇ ಇದ್ದವು ಅಂದುಕೊಳ್ತಾವೆ. ಕೋಳಿಗೆ ಯಾವತ್ತೂ ಹೀಗೇ ಮಾಡೋದು.

ಮಡಗಾಂವ_ಧಾರವಾಡ · ಜುಲೈ 6

ಅಣ್ಣಾ, ಅದು ಕೋಳಿ ಲೆಕ್ಕ. ಬಾತಿಗೆ ನಡಿಯೂದಿಲ್ಲ. ಕೋಳಿಗೆ ಕತ್ತಲಾದ್ರ ಕಣ್ಣು ಕಾಣಂಗಿಲ್ಲ, ಅಡ್ಡ ಹಾಕಿದ ಗಳದ ಮ್ಯಾಲೆ ಕುಂತಲ್ಲೇ ಕುಂತಿರ್ತಾವ. ಬಾತು ರಾತ್ರಿನೂ ಎಚ್ಚರ ಇರತಾವ, ನೆಲದ ಮ್ಯಾಲೇ ಓಡಾಡ್ತಾವ. ಗುರುತಿಲ್ಲದ ಆರು ಜೀವ ಕತ್ತಲಾಗ ಒಳಗ ಬಿತ್ತಂದ್ರ ಎಲ್ಲಾ ಕೂಡಿ ಒಂದು ಮೂಲಿಗೆ ನುಗ್ಗತಾವ. ತಳದಾಗ ಸಿಕ್ಕ ಮರಿ ಉಸಿರುಗಟ್ಟಿ ಹೋಗೂದು, ಇಲ್ಲಾ ಕಾಲು ಮುರಕೊಳ್ಳೂದು. ಬಾತಿನ ಕಾಲು ಭಾಳ ಸೂಕ್ಷ್ಮ ರೀ. ಕೋಳಿ ಹಿಡಿಧಾಂಗ ಕಾಲು ಹಿಡದು ತಲಿಕೆಳಗ ಎತ್ತಬ್ಯಾಡ್ರಿ, ಕೀಲು ತಪ್ಪತೈತಿ. ಎರಡೂ ರೆಕ್ಕಿ ಮೈಗೆ ಒತ್ತಿ, ಹೊಟ್ಟಿ ಕೆಳಗ ಅಂಗೈ ಕೊಟ್ಟು ಎತ್ತರಿ.

ಬ್ಯಾರೆ ಹೇಳೂದೈತಿ, ಆಮ್ಯಾಲೆ ಬರೀತೀನಿ.

ಕಾಣಕೋಣ_ಕರಾವಳಿ · ಜುಲೈ 6

ಸರ್, ಈಗಲೇ ಬಿಡಬೇಡಿ. ವಾರದ ಲೆಕ್ಕಕ್ಕಿಂತ ಗರಿ, ಗಾತ್ರ, ನೀರು ಈ ಮೂರನ್ನು ನೋಡಿ.

ಮೊದಲು ಗರಿ. ತಾಯಿ ಇಲ್ಲದೆ ಡಬ್ಬಿಯಲ್ಲಿ ಬೆಳೆದ ಮರಿಯ ಮೈಗೆ ಎಣ್ಣೆ ಹತ್ತಿರುವುದಿಲ್ಲ. ತಾಯಿಯ ಹೊಟ್ಟೆಯ ಕೆಳಗೆ ಮಲಗುವ ಮರಿಗೆ ಆಕೆಯ ಗರಿಯ ಎಣ್ಣೆ ತಾನಾಗಿ ಹತ್ತುತ್ತದೆ. ನಿಮ್ಮವು ತಮ್ಮ ಬಾಲದ ಬುಡದ ಎಣ್ಣೆ ಗ್ರಂಥಿಯಿಂದಲೇ ಕೊಕ್ಕಿನಲ್ಲಿ ತೆಗೆದು ಸವರಿಕೊಳ್ಳಬೇಕು, ಅದಕ್ಕೆ ಪೂರ್ತಿ ಗರಿ ಬೇಕು. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್, ಜುಲೈಯಲ್ಲೇ. ತುಪ್ಪಳದ ಮರಿ ಅರ್ಧ ಗಂಟೆ ಈ ಮಳೆಗೆ ಸಿಕ್ಕರೆ ಒದ್ದೆ ಹತ್ತಿಯಂತಾಗಿ ನಡುಗುತ್ತದೆ. 'ಬಾತಲ್ಲವೇ, ನೀರಿನ ಹಕ್ಕಿ' ಎಂದುಕೊಂಡೇ ಜನ ಮರಿ ಕಳೆದುಕೊಳ್ಳುವುದು.

ಪರೀಕ್ಷೆ ಸುಲಭ. ಬೆನ್ನ ಮೇಲೆ ಒಂದು ಚಮಚ ನೀರು ಹಾಕಿ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ಉರುಳಿ ಹೋದರೆ ಸರಿ. ಇಂಗಿ ಕಪ್ಪು ಮಚ್ಚೆಯಾದರೆ ಇನ್ನೂ ಹೊತ್ತಿದೆ. ರೆಕ್ಕೆಯ ತುದಿಗಳು ಬಾಲದ ಬುಡದ ಮೇಲೆ ಬಂದು ಕೂಡಬೇಕು. ಸಾಮಾನ್ಯವಾಗಿ 8ನೇ ವಾರದ ಹೊತ್ತಿಗೆ ಹಾಗಾಗುತ್ತದೆ. ಅದಕ್ಕೆ ಮುಂಚಿನ ಎರಡು ವಾರ ರೆಕ್ಕೆಯಲ್ಲಿ ನೀಲಿ ಕೊಳವೆಯಂತಹ ಎಳೆಗರಿ ಮೂಡುತ್ತವೆ, ಒಳಗೆ ರಕ್ತ ಓಡಾಡುತ್ತಿರುತ್ತದೆ. ದೊಡ್ಡ ಬಾತು ಅದನ್ನು ಕಚ್ಚಿ ಎಳೆದರೆ ರಕ್ತ ಸುರಿಯುತ್ತದೆ, ಕೆಂಪು ಕಂಡ ಕೋಳಿಗಳೂ ಬಂದು ಕುಕ್ಕುತ್ತವೆ. ಸೇರಿಸಲು ಅತಿ ಕೆಟ್ಟ ಸಮಯ ಅದೇ, ಮತ್ತು ನಿಮ್ಮ ಮರಿಗಳು ಅದರ ಹೊಸ್ತಿಲಲ್ಲೇ ಇವೆ.

ಗಾತ್ರ: ನಿಮ್ಮ ಹಳೇ ಹೆಣ್ಣುಗಳು ಎರಡು ಕಿಲೋ ಆಸುಪಾಸು ಇರುತ್ತವೆ. ಮರಿ ಅದರ ಮೂರರಲ್ಲಿ ಎರಡು ಪಾಲಾದರೂ ತೂಗಬೇಕು.

ಈಗ ಕ್ರಮ. ಸಂತೆಯ ಮರಿ ಎಂದಿರಿ, ಹಾಗಾಗಿ 21 ದಿನ ಪ್ರತ್ಯೇಕ ಇಡುವುದು ಕಡ್ಡಾಯ. ಹಳೇ ಹಿಂಡಿನಿಂದ ಕನಿಷ್ಠ 30 ಅಡಿ ದೂರ, ಅದರ ನೀರು ಇದಕ್ಕೆ ಹರಿಯಬಾರದು, ಇದರದು ಅದಕ್ಕೂ ಹರಿಯಬಾರದು. ದಿನಾ ಮೊದಲು ಹಳೆಯವಕ್ಕೆ ಮೇವು ಹಾಕಿ, ಕೊನೆಗೆ ಮರಿಗಳ ಹತ್ತಿರ ಹೋಗಿ, ಅಲ್ಲಿಗೆ ಬೇರೆ ಚಪ್ಪಲಿ. ರಟ್ಟಿನ ಡಬ್ಬಿ ಇವತ್ತೇ ಎಸೆಯಿರಿ. ನಾಲ್ಕು ಹಲಗೆ ಆಯತವಾಗಿ ನಿಲ್ಲಿಸಿ ಒಳಗೆ ಮೂರು ಇಂಚು ಒಣ ಭತ್ತದ ಹೊಟ್ಟು ಹಾಕಿ. ಒಂದು ಮೂಲೆಯಲ್ಲಿ ಜಾಲರಿ ಮುಚ್ಚಿದ ಅಗಲ ಟ್ರೇ, ಅದರ ಮೇಲೆ ನೀರಿನ ಪಾತ್ರೆ. ಚೆಲ್ಲಿದ್ದೆಲ್ಲ ಟ್ರೇಗೆ ಇಳಿಯುತ್ತದೆ, ಹೊಟ್ಟು ಒಣಗಿರುತ್ತದೆ. ನಿಮ್ಮ ಮನೆಯ ವಾಸನೆಯಲ್ಲಿ ಮುಕ್ಕಾಲು ಪಾಲು ಈ ಚೆಲ್ಲಿದ ನೀರಿನದೇ. 5 ವಾರದ ಮರಿಗೆ ಇಲ್ಲಿನ ಹವೆಯಲ್ಲಿ ಬಲ್ಬಿನ ಶಾಖ ಬೇಡ, ಗಾಳಿಯ ಇರಿಚಲು ಬೀಳದಿದ್ದರೆ ಸಾಕು.

21 ದಿನ ಮುಗಿಯುವಾಗ ಮರಿಗೆ 8 ವಾರ, ಗರಿಯೂ ತುಂಬಿರುತ್ತದೆ. ಆಗ ಹಿತ್ತಲಿನೊಳಗೇ ಜಾಲರಿಯಿಂದ 8ಕ್ಕೆ 4 ಅಡಿಯ ಒಂದು ಕೋಣೆ ಕಟ್ಟಿ ಮರಿಗಳನ್ನು ಅಲ್ಲಿಡಿ. ಅರ್ಧ ಇಂಚಿನ ವೆಲ್ಡ್ ಮೆಶ್ ಬಳಸಿ. ಆರು ಮೂಲೆಯ ಕೋಳಿ ಜಾಲರಿ ಬೇಡ, ಕುತ್ತಿಗೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತವೆ. ಜಾಲರಿಯ ಈಚೆ ಒಂದು ಬಟ್ಟಲು, ಆಚೆ ಒಂದು ಬಟ್ಟಲು, ನಡುವೆ ಒಂದು ಗೇಣು. ಎರಡೂ ಪಂಗಡ ಎದುರುಬದುರು ನಿಂತು ತಿನ್ನಬೇಕು. ಹೀಗೆ 10 ದಿನ. ಮೊದಲ ಎರಡು ದಿನ ಗಂಡು ಜಾಲರಿಯ ಉದ್ದಕ್ಕೂ ಕುತ್ತಿಗೆ ಚಾಚಿ ಓಡುತ್ತದೆ. ಆ ಓಟ ನಿಂತು, ಎರಡೂ ಕಡೆಯವು ಜಾಲರಿಗೆ ಒತ್ತಿಕೊಂಡು ಮಲಗಲು ಶುರು ಮಾಡಿದರೆ ಬಾಗಿಲು ತೆರೆಯಬಹುದು.

ತೆರೆಯುವ ದಿನ ಮಳೆ ನಿಂತ ಅರ್ಧ ಗಂಟೆಗೆ ತೆರೆಯಿರಿ. ಎರೆಹುಳ ಮೇಲೆ ಬಂದಿರುತ್ತದೆ, ಹಳೆಯವು ತಲೆ ಎತ್ತುವುದಿಲ್ಲ. ಮೊದಲ ದಿನ 30 ನಿಮಿಷ, ಎದುರಿಗೇ ನಿಂತಿರಿ. ಮರುದಿನ ಒಂದು ಗಂಟೆ. ಐದಾರು ದಿನಕ್ಕೆ ಇಡೀ ಹಗಲು. ರಾತ್ರಿ ಮಾತ್ರ ಇನ್ನೊಂದು ವಾರ ಬೇರೆಬೇರೆ.

ಮುಳಶಿ_ಬಾತು · ಜುಲೈ 7

ಕರಾವಳಿಯವರು ಹೇಳಿದ್ದಕ್ಕೆ ನನ್ನ ಸಹಿ ಇದೆ. ಮೇವಿನ ಬಗ್ಗೆ ಮಾತ್ರ ನಾನು ಬರೆಯುತ್ತೇನೆ, ಪ್ರಶ್ನೆಯಲ್ಲಿ ಅದೇ ನನಗೆ ಹೆಚ್ಚು ಗಾಬರಿ ಹುಟ್ಟಿಸಿದ್ದು.

ಶೇಂಗಾ ಹಿಂಡಿ ಇವತ್ತಿನಿಂದಲೇ ನಿಲ್ಲಿಸಿ. ಹಳೆಯವಕ್ಕೂ ಬೇಡ. ತೇವಕ್ಕೆ ಹಿಂಡಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಸಾಕುಹಕ್ಕಿಗಳಲ್ಲಿ ಅದಕ್ಕೆ ಅತಿ ಬೇಗ ಬಲಿಯಾಗುವುದು ಬಾತುಮರಿ. ಈ ವಿಷ ಪತ್ತೆಯಾದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ. ಬಾತುಮರಿಗಳೂ ಸತ್ತಿದ್ದವು, ಮೂಲ ಹುಡುಕಿದರೆ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ. ಆಮೇಲೆ ಎಷ್ಟೋ ವರ್ಷ ಪ್ರಯೋಗಾಲಯಗಳಲ್ಲಿ ಈ ವಿಷ ಇದೆಯೋ ಇಲ್ಲವೋ ಎಂದು ನೋಡಲು ಬಾತುಮರಿಗೇ ತಿನ್ನಿಸಿ ಪರೀಕ್ಷಿಸುತ್ತಿದ್ದರು. ಅಷ್ಟು ನಾಜೂಕು ಅವುಗಳ ಪಿತ್ತಕೋಶ... ತಪ್ಪು, ಯಕೃತ್ತು. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು, ಕುದಿಸಿದರೂ ಹೋಗುವುದಿಲ್ಲ.

ಇದೇ ಕಾರಣಕ್ಕೆ ಮಳೆಗಾಲದಲ್ಲಿ 50 ಕಿಲೋ ಚೀಲ ತರಬೇಡಿ. ಲೆಕ್ಕ ಹಾಕಿ: 11 ಬಾತಿಗೆ ತಲಾ 150 ಗ್ರಾಂ, ಐದು ಕೋಳಿಗೆ ತಲಾ 110 ಗ್ರಾಂ, ಒಟ್ಟು ದಿನಕ್ಕೆ 2.2 ಕಿಲೋ. 25 ಕಿಲೋ ಚೀಲ 11 ದಿನಕ್ಕೆ ಖಾಲಿ. ಅದೂ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ. ನೀರು ಕಲಸಿದ ಮ್ಯಾಶ್ ಎರಡು ಗಂಟೆಯೊಳಗೆ ಮುಗಿಯುವಷ್ಟೇ ಹಾಕಿ.

ಲೇಯರ್ ಮ್ಯಾಶ್ ಮರಿಗೆ ಯಾಕೆ ಆಗುವುದಿಲ್ಲ ಅಂದರೆ ಅದರಲ್ಲಿ ಕ್ಯಾಲ್ಸಿಯಂ 3.5ರಿಂದ 4 ಶೇಕಡ. ಮೊಟ್ಟೆ ಇಡದ ಹಕ್ಕಿಗೆ ಬೇಕಾದದ್ದು ಸುಮಾರು 1 ಶೇಕಡ. ಹೆಚ್ಚಾದದ್ದು ಮೂತ್ರಪಿಂಡಕ್ಕೆ ಹೊಡೆಯುತ್ತದೆ. ಜಾಲರಿ ತೆಗೆದ ಮೇಲೆ ಯಾರು ಯಾವ ಬಟ್ಟಲಿಗೆ ಬಾಯಿ ಹಾಕುತ್ತಾರೆ ಎಂದು ಕಾಯಲು ಆಗುವುದಿಲ್ಲ. ಆದ್ದರಿಂದ ಇಡೀ ಹಿಂಡನ್ನೇ 16ರಿಂದ 18 ಶೇಕಡ ಪ್ರೋಟೀನಿನ ಗ್ರೋಯರ್‌ಗೆ (ಬೆಳೆಯುವ ಹಕ್ಕಿಯ ಮೇವು) ಬದಲಿಸಿ. ಮೊಟ್ಟೆ ಇಡುವವಕ್ಕೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಗೋವಾದಲ್ಲಿ ಅದಕ್ಕೇನು ಬರ? ಸಾರು ಮಾಡಿ ಉಳಿದ ತಿಸರ್ಯಾ ಚಿಪ್ಪನ್ನೇ ತೊಳೆದು ಒಣಗಿಸಿ ಜೋಳದ ಕಾಳಿನಷ್ಟು ಚೂರು ಮಾಡಿ. ಬೇಕಾದ ಹೆಣ್ಣು ತಾನೇ ತಿನ್ನುತ್ತದೆ, ಮರಿಗಳು ಮುಟ್ಟುವುದು ಕಡಿಮೆ.

ಬ್ರಾಯ್ಲರ್ ಸ್ಟಾರ್ಟರ್ (ಮಾಂಸದ ಕೋಳಿಮರಿಯ ಮೇವು) ಬೇಡ. ಪ್ರೋಟೀನ್ ಜಾಸ್ತಿಯಾಗಿ ಮೈಭಾರ ಕಾಲಿಗೆ ಬೀಳುತ್ತದೆ, ಕೆಲವಕ್ಕೆ ರೆಕ್ಕೆಯ ತುದಿ ಹೊರಕ್ಕೆ ತಿರುಚುತ್ತದೆ. ಅದರಲ್ಲಿ ರಕ್ತಭೇದಿ ತಡೆಯುವ ಔಷಧಿಯನ್ನೂ ಬೆರೆಸಿರುತ್ತಾರೆ. ಅಳತೆ ಕೋಳಿಗೆ ಹೊಂದಿಸಿದ್ದು, ಬಾತು ತಿನ್ನುವುದು ಜಾಸ್ತಿ. ಚೀಲದ ಚೀಟಿಯಲ್ಲಿ ಮೊನೆನ್ಸಿನ್, ಸಾಲಿನೊಮೈಸಿನ್, ಮಡುರಾಮೈಸಿನ್ ಅಂತಿದ್ದರೆ ವಾಪಸ್ ಕೊಡಿ.

ಇನ್ನೊಂದು ನಯಾಸಿನ್ ಎಂಬ ವಿಟಮಿನ್. ಬಾತುಮರಿಗೆ ಕಿಲೋ ಮೇವಿಗೆ 55 ಮಿಲಿಗ್ರಾಂ ಬೇಕು, ಕೋಳಿ ಮೇವಿನಲ್ಲಿ ಅಷ್ಟು ಇರುವುದಿಲ್ಲ. ಕೊರತೆಯಾದರೆ ಕಾಲಿನ ಗೆಣ್ಣು ಊದಿ, ಮರಿ ಎರಡು ಹೆಜ್ಜೆ ಇಟ್ಟು ಕುಳಿತುಬಿಡುತ್ತದೆ. ಅಂಥ ಮರಿಯನ್ನು ಹಿಂಡಿಗೆ ಬಿಟ್ಟರೆ ಮೊದಲ ಏಟು ಅದಕ್ಕೇ. ಕಿಲೋ ಮೇವಿಗೆ 50 ಗ್ರಾಂ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯದು) ಕಲಸಿ. ಬೇಕರಿಯ ಹುದುಗಿಸುವ ಯೀಸ್ಟ್ ಅಲ್ಲ, ಅದು ಹೊಟ್ಟೆಯಲ್ಲೇ ಉಬ್ಬುತ್ತದೆ.

ಲಸಿಕೆ: ಡಕ್ ಪ್ಲೇಗ್‌ದು 8ರಿಂದ 12 ವಾರದ ನಡುವೆ ಹಾಕಿಸುತ್ತಾರೆ. ಜಾಲರಿ ಹಂತದಲ್ಲೇ ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಒಂದು ಬಾಟಲಿಯಲ್ಲಿ ಹಲವು ಹಕ್ಕಿಗಾಗುವಷ್ಟು ಇರುತ್ತದೆ, ಒಡೆದ ಮೇಲೆ ಉಳಿಯುವುದಿಲ್ಲ, ಹಳೆಯವಕ್ಕೆ ಆಗಿಲ್ಲದಿದ್ದರೆ ಒಟ್ಟಿಗೇ ಮಾಡಿಸಿ. ಪ್ರತ್ಯೇಕ ಇಡುವುದು ಹಳೆಯವನ್ನು ಕಾಯಲಿಕ್ಕೆ ಮಾತ್ರ ಅಲ್ಲ. ಬಾತಿನ ಹೆಪಟೈಟಿಸ್ ಕೊಲ್ಲುವುದು 6 ವಾರದೊಳಗಿನ ಮರಿಗಳನ್ನೇ. ದೊಡ್ಡವು ಏನೂ ತೋರಿಸದೆ ವೈರಸ್ ಹೊತ್ತಿರಬಹುದು. ಹಕ್ಕಿಜ್ವರವೂ ಹಾಗೇ, ಬಾತು ಆರಾಮಾಗಿ ಕಾಣುತ್ತದೆ, ಪಕ್ಕದ ಕೋಳಿ ಸಾಯುತ್ತದೆ. 2006ರಲ್ಲಿ ದೇಶದ ಮೊದಲ ಹಕ್ಕಿಜ್ವರ ನಮ್ಮ ಮಹಾರಾಷ್ಟ್ರದ ನವಾಪುರದಲ್ಲೇ ಬಂದದ್ದು, ಇಲ್ಲಿನವರು ಆ ಮಾತನ್ನು ಇನ್ನೂ ಮರೆತಿಲ್ಲ.

ಮಡಗಾಂವ_ಧಾರವಾಡ · ಜುಲೈ 7

ಗೂಡಿನ ಲೆಕ್ಕ ನೋಡ್ರಿ ಸರ. 8 ಗುಣಿಸು 6 ಅಂದ್ರ 48 ಚದರಡಿ. 16 ಹಕ್ಕಿಗೆ ತಲಾ 3 ಬರತೈತಿ. ಒಣ ಕಾಲದಾಗ ನಡೀತಿತ್ತು, ಮಳಿಯಾಗ ಬಾಗಲಾ ಹಾಕ್ಕೊಂಡು ಕುಂತಾಗ ಸಾಲಂಗಿಲ್ಲ. ಬಾತಿಗೆ ತಲಾ 4 ಇಟ್ರ ಜಗಳ ಅರ್ಧ ಕಡಿಮಿ. ಕೋಳಿಗೆ ಮ್ಯಾಲೆ ಎರಡೂವರಿ ಅಡಿ ಎತ್ತರಕ್ಕ ಗಳ ಹಾಕಿ ಏರಿಸ್ರಿ, ನೆಲಾ ಪೂರಾ ಬಾತಿಗೆ ಉಳಿತೈತಿ. ಗಳದ ಕೆಳಗ ಮಾತ್ರ ಬಾತು ಮಲಗದಂಗ ಹಲಗಿ ಅಡ್ಡ ಇಡ್ರಿ, ಇಲ್ಲಂದ್ರ ಮುಂಜಾನೆ ಹೊತ್ತಿಗೆ ಬೆನ್ನೆಲ್ಲಾ ಹಿಕ್ಕಿ.

ನೆಲ ಬರೇ ಚೀರೆಕಲ್ಲಿಂದಾಗಿದ್ರ ಅಂಗಾಲು ತರಚಿ ಗಾಯ ಆಗಿ ಒಳಗ ಕೀವು ಗಟ್ಟಿ ಆಗತೈತಿ. ಮ್ಯಾಲೆ ಮರಳು, ಅದರ ಮ್ಯಾಲೆ ಹೊಟ್ಟು. ತೆಂಗಿನ ನಾರಿನ ಪುಡಿ ಪುಗಸಟ್ಟೆ ಸಿಗತೈತಂತ ಹಾಕಬ್ಯಾಡ್ರಿ, ಮಳಿಯಾಗ ಬೂಷ್ಟು ಹಿಡದು ಬಾತಿನ ಪುಪ್ಪುಸಕ್ಕ ಹೋಗತೈತಿ.

ಮುಂಗಸಿ, ಕಬ್ಬೆಕ್ಕು, ಹೆಬ್ಬಾವು ಮೂರೂ ಆ ಕಡೆ ಇದ್ದಾವ. ನಿಮ್ಮ ಜಾಲರಿ ಕೋಣಿ ಹಗಲಿಗಷ್ಟ. ಸಂಜಿ ಆದ ಕೂಡಲೇ ಮರಿ ಗಟ್ಟಿ ಗೋಡಿ ಒಳಗ ಹೋಗಬೇಕು. ಗೂಡಿನ ನಟ್ಟನಡುವ ಅದ ಅರ್ಧ ಇಂಚಿನ ಜಾಲರಿ ಗ್ವಾಡಿ ಎಬ್ಬಿಸಿದ್ರ ರಾತ್ರಿನೂ ಒಬ್ಬರಿಗೊಬ್ಬರು ಕಾಣತಾವ, ಮುಟ್ಟಾಂಗಿಲ್ಲ. ಹೊರಗಿನ ಜಾಲರಿ ತಳಾ ಒಂದು ಅಡಿ ಹೊರಗ ಮಡಚಿ ಕಲ್ಲು ಹೇರ್ರಿ, ತೋಡಿ ಬರೂ ಪ್ರಾಣಿ ಅಲ್ಲೇ ಸೋಲತೈತಿ. ಹೆಬ್ಬಾವು ಬಂದ್ರ ಬಡಿಗಿ ತಗೋಬ್ಯಾಡ್ರಿ, ಕಾಯ್ದೆದಾಗ ಅಪರಾಧ ಅದು. ಅರಣ್ಯ ಇಲಾಖೆಗೆ ಫೋನ್ ಹಚ್ಚರಿ.

ಫೋಂಡಾ_ಹಿತ್ತಲು · ಆಗಸ್ಟ್ 9

ಎಲ್ಲರೂ ಹೇಳಿದ ಹಾಗೇ ನಡೆಸಿದ್ದೀನಿ. 21 ದಿನ ಪ್ರತ್ಯೇಕ, ಆಮೇಲೆ 10 ದಿನ ಜಾಲರಿ. ಬೆನ್ನ ಮೇಲೆ ನೀರು ಉರುಳ್ತಿದೆ. ಮೊನ್ನೆಯಿಂದ ಬಾಗಿಲು ತೆರೆದಿದ್ದೀನಿ. ನಾಲ್ಕು ಹೆಣ್ಣುಗಳು ಸುಮ್ಮನಿವೆ, ಆದರೆ ಮೊಟ್ಟೆ ಪೂರ್ತಿ ನಿಂತಿದೆ. ಗಂಡು ಮಾತ್ರ ಒಂದೇ ಮರಿಯ ಬೆನ್ನು ಹತ್ತಿ ಟಬ್ಬಿನವರೆಗೂ ಅಟ್ಟಿಸಿಕೊಂಡು ಹೋಗಿ, ನೀರಲ್ಲಿ ಕುತ್ತಿಗೆ ಕಚ್ಚಿ ಒತ್ತಿ ಹಿಡಿಯುತ್ತೆ. ಬಾಲದ ಪುಕ್ಕ ಕೀಳೋದು, ಅಟ್ಟಿಸೋದು ಮಾಮೂಲು ಅಂತ ಓದಿದ್ದೆ. ಇದೂ ಅದೇನಾ?

ಕಾಣಕೋಣ_ಕರಾವಳಿ · ಆಗಸ್ಟ್ 9

ಅಲ್ಲ. ಹತ್ತು ಹೆಜ್ಜೆ ಅಟ್ಟಿಸಿ ಬಿಡುವುದು, ಒಂದೆರಡು ಪುಕ್ಕ ಕೀಳುವುದು, ತಲೆ ಆಡಿಸಿ ಗೊಣಗುವುದು ಮಾಮೂಲು. ನೀರಿನಲ್ಲಿ ಒತ್ತಿ ಹಿಡಿಯುವುದು ಮರಿ ಮುಳುಗಿ ಸಾಯುವ ದಾರಿ. ಟಬ್ ಈಗಲೇ ಖಾಲಿ ಮಾಡಿ. ಇನ್ನು 15 ದಿನ ನಾಲ್ಕೈದು ಇಂಚು ಆಳದ ಅಗಲ ಬೋಗುಣಿ ಮೂರು ಇಡಿ, ಒಂದರಿಂದ ಒಂದು ಹತ್ತು ಅಡಿ ದೂರ, ಒಂದರ ಬಳಿ ನಿಂತರೆ ಇನ್ನೊಂದು ಕಾಣದಂತೆ ನಡುವೆ ತೆಂಗಿನ ಗರಿಯ ತಡಿಕೆ. ಕಣ್ಣು ಮತ್ತು ಮೂಗಿನ ಹೊಳ್ಳೆ ಮುಳುಗಿಸಿ ತೊಳೆದುಕೊಳ್ಳಲು ಆ ಆಳ ಸಾಕು. ಟಬ್ ಮತ್ತೆ ತುಂಬಿಸುವಾಗ ಒಳಗೂ ಹೊರಗೂ ಚೀರೆಕಲ್ಲಿನ ಮೆಟ್ಟಿಲು, ಅದೂ ಎರಡು ಕಡೆ. ಒಂದೇ ಮೆಟ್ಟಿಲಿದ್ದರೆ ಗಂಡು ಅಲ್ಲೇ ನಿಂತು ದಾರಿ ಕಟ್ಟುತ್ತದೆ.

ಬೇರೆ ಇಡಬೇಕಾದದ್ದು ಗಂಡನ್ನು, ಮರಿಯನ್ನಲ್ಲ. ಮರಿಯನ್ನು ಎತ್ತಿ ಒಳಗಿಟ್ಟರೆ ನಾಳೆ ಅದು ಮತ್ತೆ ಹೊಸಬನೇ. ಗಂಡನ್ನು ನಾಲ್ಕು ದಿನ ಆ ಜಾಲರಿ ಕೋಣೆಯಲ್ಲಿ ಹಾಕಿ. ವಾಪಸ್ ಬರುವಾಗ ಹಿಂಡಿನ ಕಟ್ಟುಪಾಡು ಹೊಸದಾಗಿರುತ್ತದೆ, ಅದೇ ಜಾಗ ಹುಡುಕಿಕೊಳ್ಳಬೇಕು.

ಮೊಟ್ಟೆ ಒಂದೆರಡು ವಾರದಲ್ಲಿ ತಾನೇ ಬರುತ್ತದೆ. ಬೆಳಗ್ಗೆ 9ರವರೆಗೆ ಗೂಡು ತೆರೆಯಬೇಡಿ, ಇಲ್ಲದಿದ್ದರೆ ಹುಲ್ಲಿನಲ್ಲಿ ಇಟ್ಟು ಕಾಗೆಗೆ ಕೊಡುತ್ತವೆ.

ಒಂದೇ ಮರಿಯನ್ನು ಹಿಡಿದಿದೆ ಎಂದಿರಿ. ಆ ಮರಿಯ ದನಿ ಹೇಗಿದೆ?

ಫೋಂಡಾ_ಹಿತ್ತಲು · ಆಗಸ್ಟ್ 10

ಟಬ್ ಖಾಲಿ ಮಾಡಿದೆ, ಗಂಡನ್ನ ಒಳಗೆ ಹಾಕಿದೆ. ದನಿ ಸರಿಯಾಗಿ ಗಮನಿಸಿಲ್ಲ, ಎಲ್ಲ ಒಟ್ಟಿಗೆ ಕೂಗ್ತವೆ.

ಕಾಣಕೋಣ_ಕರಾವಳಿ · ಆಗಸ್ಟ್ 10

ಒಂದೊಂದನ್ನೇ ಎತ್ತಿಕೊಂಡು ಬೇರೆಯವು ಕಾಣದ ಕಡೆ ಎರಡು ನಿಮಿಷ ನಿಲ್ಲಿ. ಒಂಟಿಯಾದ ಕೂಡಲೇ ಕೂಗುತ್ತದೆ. ಬಾಯ್ತುಂಬ 'ಕ್ವಾಕ್' ಎಂದರೆ ಹೆಣ್ಣು. ಗಂಟಲು ಕಟ್ಟಿದವರ ಹಾಗೆ ಪಿಸುಗುಟ್ಟಿದರೆ ಗಂಡು. 10 ವಾರಕ್ಕೆ ಇದು ಸಾಕಷ್ಟು ಸ್ಪಷ್ಟ. ಬಾಲದ ಮೇಲಿನ ಸುರುಳಿ ಗರಿಗೆ ಕಾಯಬೇಡಿ, ಅದು ಮೂರ್ನಾಲ್ಕು ತಿಂಗಳಿಗೆ. ಗೊತ್ತಾದ ಹಾಗೆ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಬಳೆ ಹಾಕಿ, ಕಿರುಬೆರಳು ತೂರುವಷ್ಟು ಸಡಿಲ.

ಫೋಂಡಾ_ಹಿತ್ತಲು · ಆಗಸ್ಟ್ 11

ಮೂರು ಕ್ವಾಕ್, ಮೂರು ಪಿಸುಮಾತು. ಅಟ್ಟಿಸಿಕೊಂಡದ್ದು ಹೆಣ್ಣೇ. ಅಲ್ಲಿಗೆ ನಾಲ್ಕು ಗಂಡು, ಏಳು ಹೆಣ್ಣು. ನಾಲ್ಕನ್ನೂ ಇಟ್ಟುಕೊಳ್ಳಬಹುದಾ?

ಮುಳಶಿ_ಬಾತು · ಆಗಸ್ಟ್ 11

ಹಿಂಡಿನಲ್ಲಿ ಅಂತೂ ಆಗುವುದಿಲ್ಲ. ಒಂದು ಗಂಡಿಗೆ ನಾಲ್ಕರಿಂದ ಆರು ಹೆಣ್ಣು ಬೇಕು. ನಿಮ್ಮ ಏಳಕ್ಕೆ ಒಂದೇ ಸಾಕು. ಹೆಚ್ಚಾದರೆ ಹೆಣ್ಣಿನ ಕುತ್ತಿಗೆಯ ಹಿಂದೆ ಗರಿ ಉದುರಿ ತೊಗಲು ಕಾಣುತ್ತದೆ, ಕುಂಟು ಶುರುವಾಗುತ್ತದೆ. ನಿಮ್ಮಲ್ಲಿ ಹೇಂಟೆಗಳೂ ಇವೆ ಎನ್ನುವುದು ನನಗೆ ಹೆಚ್ಚಿನ ಚಿಂತೆ. ಹೆಣ್ಣು ಸಾಲದ ಗಂಡು ಬಾತು ಕೋಳಿಯ ಮೇಲೆ ಏರುತ್ತದೆ. ಹುಂಜಕ್ಕಿಲ್ಲದ ಹೊರಚಾಚುವ ಅಂಗ ಬಾತಿಗಿದೆ, ಕೋಳಿಯ ದೇಹ ಅದಕ್ಕೆ ಆದದ್ದಲ್ಲ. ಒಳಗೆ ಹರಿದು ಹೇಂಟೆ ಸಾಯುತ್ತದೆ, ಹೊರಗೆ ಗಾಯವೇ ಕಾಣುವುದಿಲ್ಲ.

ಇನ್ನೊಂದೆರಡು ತಿಂಗಳಲ್ಲಿ ಮರಿಗಂಡುಗಳು ಬಲಿಯುತ್ತವೆ, ಅಷ್ಟರೊಳಗೆ ತೀರ್ಮಾನಿಸಿ. ಮೂರನ್ನು ಕೊಡಿ, ಇಲ್ಲವೇ ಹೆಣ್ಣುಗಳು ಕಣ್ಣಿಗೆ ಬೀಳದ ಕಡೆ ಮೂರಕ್ಕೂ ಒಂದೇ ದೊಡ್ಡಿ ಮಾಡಿ. ಹೆಣ್ಣು ಕಾಣದಿದ್ದರೆ ಗಂಡುಗಳು ತಮ್ಮತಮ್ಮಲ್ಲಿ ಹೊಂದಿಕೊಂಡೇ ಇರುತ್ತವೆ.

ಮಡಗಾಂವ_ಧಾರವಾಡ · ಆಗಸ್ಟ್ 11

ಹಳೇ ಗಂಡನ್ನ ಹೊರಗ ಬಿಡೂ ಮುಂಚೆ ಅಡಿಗಿ ತಕ್ಕಡಿ ತಗೊಂಡು ಆ ಹೆಣ್ಣುಮರಿ ತೂಗರಿ, ಆಮ್ಯಾಲೆ ದಿನಾ ಒಂದೇ ಹೊತ್ತಿಗೆ ತೂಗರಿ. ಜಗಳ ಕಣ್ಣಿಗೆ ಕಾಣದಿದ್ರೂ ತೂಕ ಹೇಳತೈತಿ. ಹತ್ತರಾಗ ಒಂದು ಪಾಲು ಇಳೀತಂದ್ರ ಅದನ್ನ ಯಾರೋ ಬಟ್ಟಲ ಹತ್ರ ಬಿಡವಲ್ರು ಅಂತ ತಿಳೀರಿ. ಆಗ ಮೇವಿನ ಇನ್ನೊಂದು ಬಟ್ಟಲಾ ಇಡ್ರಿ, ಗಂಡನ್ನ ಮತ್ತ ನಾಲ್ಕು ದಿನ ಒಳಗ ಹಾಕ್ರಿ.